ವಿಶ್ವೇಶ್ವರಯ್ಯನವರ ಕಾರಿನ ಕಥೆ: ಫಾರ್ವರ್ಡ್‌ನಲ್ಲಿ ಬಿಟ್ಟುಹೋದದ್ದೇನು?

ಸೆಪ್ಟೆಂಬರ್ 15, ಎಂಜಿನಿಯರ್‌ಗಳ ದಿನ. ಅವತ್ತು ಬೆಳಗಾದರೆ ಸಾಕು, ಫ್ಯಾಮಿಲಿ ಗ್ರೂಪ್‌ಗಳಿಗೆ ಸರ್ ಎಂ. ವಿಶ್ವೇಶ್ವರಯ್ಯನವರ ಫೋಟೊ ಬರುತ್ತದೆ. ಅದರ ಕೆಳಗೆ ಒಂದು ಕಥೆ: ದಿವಾನ್ ಹುದ್ದೆಗೆ ರಾಜೀನಾಮೆ ಕೊಡಲು ಸರ್ಕಾರಿ ಕಾರಿನಲ್ಲಿ ಹೋದವರು, ವಾಪಸ್ ಬರುವಾಗ ಸ್ವಂತ ಕಾರು ಹತ್ತಿದರು. ಇನ್ನು ಕೆಲವು ಸಂದೇಶಗಳಲ್ಲಿ ಬೆಂಗಳೂರಿನ ಎಚ್‌ಎಎಲ್ ಸ್ಥಾಪಿಸಿದ್ದೂ ಅವರೇ ಎಂದಿರುತ್ತದೆ.

ಹೆಬ್ಬಾಳದ ಕಡೆಯವರು ಇದನ್ನು ಓದುವುದು ಬಹುಶಃ ಫ್ಲೈಓವರ್ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡಾಗಲೇ. ಅದೇ ಬಳ್ಳಾರಿ ರಸ್ತೆಯಲ್ಲಿ ಉತ್ತರಕ್ಕೆ ಹೋದರೆ ಚಿಕ್ಕಬಳ್ಳಾಪುರ, ಅದರ ಹತ್ತಿರ ಅವರ ಹುಟ್ಟೂರು ಮುದ್ದೇನಹಳ್ಳಿ. ಹೆಬ್ಬಾಳದಲ್ಲಿ ಕೃಷಿ ಶಾಲೆ ಶುರುವಾದದ್ದು 1913ರಲ್ಲಿ, ಅವರು ಮೈಸೂರಿನ ದಿವಾನರಾಗಿದ್ದಾಗ. ಸುತ್ತ ನಿಂತಿರುವ ಸಾವಿರಾರು ಕಾರುಗಳಿಗೂ ಅವರಿಗೂ ಒಂದು ನಂಟಿದೆ. ಅದು ಮಾತ್ರ ಫಾರ್ವರ್ಡ್‌ಗಳಲ್ಲಿ ಇರುವುದಿಲ್ಲ.

ಎರಡು ಕಾರಿನ ಕಥೆ ಎಷ್ಟು ನಿಜ?

ಈ ಕಥೆ ಒಂದೊಂದು ಗ್ರೂಪ್‌ನಲ್ಲಿ ಒಂದೊಂದು ರೂಪದಲ್ಲಿ ಓಡಾಡುತ್ತದೆ. ಒಂದರಲ್ಲಿ ಎರಡು ಕಾರು, ಇನ್ನೊಂದರಲ್ಲಿ ಎರಡು ಮೇಣದಬತ್ತಿ, ಮತ್ತೊಂದರಲ್ಲಿ ಎರಡು ಪೆನ್ನು. ಸರ್ಕಾರಿ ಕೆಲಸಕ್ಕೊಂದು ದೀಪ, ಸ್ವಂತ ಕೆಲಸಕ್ಕೊಂದು ದೀಪ ಎಂಬ ಕಥೆ ಚಾಣಕ್ಯನ ಹೆಸರಿನಲ್ಲೂ ಇದೆ. ಒಂದೇ ಕಥೆ ಹಲವು ದೊಡ್ಡವರ ಹೆಸರಿಗೆ ಅಂಟಿಕೊಂಡಿದ್ದರೆ ಅದನ್ನು ಗೌರವದ ಕಥೆ ಎಂದು ಓದಬಹುದು, ದಾಖಲೆ ಎಂದು ಹಂಚಬಾರದು.

ಅವರ ಪ್ರಾಮಾಣಿಕತೆಯನ್ನು ನಾವು ಪ್ರಶ್ನಿಸುತ್ತಿಲ್ಲ. ಆದರೆ ಯಾವ ಕಾರು ಹತ್ತಿದರು ಎಂಬುದರಲ್ಲೇ ಮುಳುಗಿದರೆ ರಾಜೀನಾಮೆ ಯಾಕೆ ಕೊಟ್ಟರು ಎಂಬುದು ಮರೆತುಹೋಗುತ್ತದೆ. 1918ರಲ್ಲಿ ಸರ್ಕಾರಿ ನೌಕರಿಗಳಲ್ಲಿ ಬ್ರಾಹ್ಮಣೇತರ ಸಮುದಾಯಗಳಿಗೆ ಪಾಲು ಸಿಗಬೇಕೆಂದು ನಾಲ್ವಡಿ ಕೃಷ್ಣರಾಜ ಒಡೆಯರ್ ಮಿಲ್ಲರ್ ಸಮಿತಿ ನೇಮಿಸಿದರು. ಈ ವಿಷಯದಲ್ಲಿ ಮಹಾರಾಜರಿಗೂ ದಿವಾನರಿಗೂ ಭಿನ್ನಾಭಿಪ್ರಾಯವಿತ್ತು. ಆ ಕಾಲದ ಮುಖ್ಯ ಚರ್ಚೆ ಇದು.

70 ದಾಟಿದ ಮೇಲೆ ಕಾರಿನ ಹಿಂದೆ ಬಿದ್ದರು

ದಿವಾನಗಿರಿ ಬಿಟ್ಟ ಮೇಲೂ ಅವರು ಮನೆಯಲ್ಲಿ ಕೂರಲಿಲ್ಲ. 1923ರಲ್ಲಿ ಕೆಲಸ ಆರಂಭಿಸಿದ ಭದ್ರಾವತಿ ಕಬ್ಬಿಣದ ಕಾರ್ಖಾನೆಯ ಹೊಣೆ ಹೊತ್ತರು. 1927ರಿಂದ 1955ರವರೆಗೆ ಟಾಟಾ ಉಕ್ಕಿನ ಕಂಪನಿಯ ನಿರ್ದೇಶಕರಾಗಿದ್ದರು. ಕಬ್ಬಿಣ, ಉಕ್ಕು ಎರಡನ್ನೂ ಹತ್ತಿರದಿಂದ ಕಂಡವರ ಕಣ್ಣು ಮುಂದೆ ಕಾರಿನ ಮೇಲೆ ಬಿತ್ತು.

ಆಗ ಭಾರತದಲ್ಲಿ ಕಾರುಗಳೇ ಇರಲಿಲ್ಲ ಎಂದಲ್ಲ. ಅಮೆರಿಕದ ಜನರಲ್ ಮೋಟರ್ಸ್ 1928ರಲ್ಲೇ ಬಾಂಬೆಯಲ್ಲಿ ಕಾರು ಜೋಡಿಸಲು ಶುರುಮಾಡಿತ್ತು. ಆದರೆ ಎಂಜಿನ್, ಗೇರ್‌ಬಾಕ್ಸ್ ಎಲ್ಲ ಹಡಗಿನಲ್ಲಿ ಬರುತ್ತಿದ್ದವು. ಇಲ್ಲಿ ನಡೆಯುತ್ತಿದ್ದದ್ದು ನಟ್ಟು, ಬೋಲ್ಟು ಬಿಗಿಯುವ ಕೆಲಸ.

ಜೋಡಿಸುವುದು ಬೇರೆ, ತಯಾರಿಸುವುದು ಬೇರೆ ಎಂಬುದು ವಿಶ್ವೇಶ್ವರಯ್ಯನವರ ನಿಲುವಿನ ತಿರುಳು. ಒಂದು ಕಾರು ಪೂರ್ತಿಯಾಗಿ ಇಲ್ಲೇ ತಯಾರಾಗಬೇಕಾದರೆ ಉಕ್ಕು, ರಬ್ಬರ್, ಗಾಜು, ಬಣ್ಣ, ಬ್ಯಾಟರಿ ಮಾಡುವ ನೂರಾರು ಸಣ್ಣ ಕಾರ್ಖಾನೆಗಳು ಬೇಕು. ಅಂದರೆ ಕಾರಿನ ಜೊತೆಗೆ ಕೆಲಸವೂ, ಕಸುಬೂ ಬೆಳೆಯುತ್ತವೆ. ಬರೀ ಕೊಳ್ಳುವ ದೇಶಕ್ಕೆ ಸಿಗುವುದು ಕಾರು ಮಾತ್ರ.

1935ರಲ್ಲಿ ಅವರು ಯುರೋಪ್ ಮತ್ತು ಅಮೆರಿಕಕ್ಕೆ ಹೋಗಿ ಮೋಟಾರು ಉದ್ಯಮವನ್ನು ನೋಡಿಕೊಂಡು ಬಂದರು. ಮರುವರ್ಷ ಬಾಂಬೆಯಲ್ಲಿ ಕಾರು ಕಾರ್ಖಾನೆ ಹಾಕಲು ಯೋಜನೆ ಸಿದ್ಧಪಡಿಸಿದರು. ಉದ್ಯಮಿ ವಾಲಚಂದ್ ಹೀರಾಚಂದ್ ಜೊತೆಯಾದರು. ಬಾಂಬೆ ಪ್ರಾಂತ್ಯದ ಕಾಂಗ್ರೆಸ್ ಸರ್ಕಾರವೂ ಒಲವು ತೋರಿತು. ಅಷ್ಟರಲ್ಲಿ ಎರಡನೇ ಮಹಾಯುದ್ಧ ಆರಂಭವಾಗಿ, 1939ರಲ್ಲಿ ಆ ಸರ್ಕಾರವೇ ರಾಜೀನಾಮೆ ಕೊಟ್ಟಿತು. ಬಳಿಕ ಮೈಸೂರು ಸಂಸ್ಥಾನ ಮನಸ್ಸು ಮಾಡಿದರೂ ಬ್ರಿಟಿಷ್ ಸರ್ಕಾರದ ಸಮ್ಮತಿ ಸಿಗಲಿಲ್ಲ. ಅಣೆಕಟ್ಟು ಕಟ್ಟಿಸಿದ ಎಂಜಿನಿಯರ್‌ಗೆ ಒಂದು ಕಾರು ಕಾರ್ಖಾನೆ ಕಟ್ಟಿಸಲು ಆಗಲಿಲ್ಲ.

ಹಾಗಾದರೆ ಎಚ್‌ಎಎಲ್?

ಎಚ್‌ಎಎಲ್ ಸ್ಥಾಪಿಸಿದ್ದು ವಿಶ್ವೇಶ್ವರಯ್ಯನವರು ಎಂಬುದು ತಪ್ಪು. 1940ರ ಡಿಸೆಂಬರ್‌ನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿಯನ್ನು ಬೆಂಗಳೂರಿನಲ್ಲಿ ಆರಂಭಿಸಿದ್ದು ಅದೇ ವಾಲಚಂದ್, ಮೈಸೂರು ಸರ್ಕಾರದ ಪಾಲುದಾರಿಕೆಯಲ್ಲಿ. ಆಗ ದಿವಾನರಾಗಿದ್ದವರು ಸರ್ ಮಿರ್ಜಾ ಇಸ್ಮಾಯಿಲ್. ಯುದ್ಧಕ್ಕೆ ವಿಮಾನ ಬೇಕಿತ್ತು, ಹಾಗಾಗಿ ಅದಕ್ಕೆ ಅನುಮತಿ ಸಿಕ್ಕಿತು. ಕಾರಿಗೆ ಇಲ್ಲ ಎಂದ ಕಾಲದಲ್ಲೇ ಈ ಊರಿಗೆ ವಿಮಾನದ ಕಾರ್ಖಾನೆ ಬಂತು!

ವಾಲಚಂದ್ ಕಾರನ್ನು ಮರೆಯಲಿಲ್ಲ. 1944ರಲ್ಲಿ ಬಾಂಬೆಯಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಕಟ್ಟಿದರು. ನಮ್ಮ ಅಪ್ಪ, ತಾತಂದಿರು ಕಂಡ ಪ್ರೀಮಿಯರ್ ಪದ್ಮಿನಿ ಮುಂದೆ ಅದೇ ಕಂಪನಿಯಿಂದ ಬಂತು. ಬೆಂಗಳೂರಿನ ಪಕ್ಕದ ಬಿಡದಿಯಲ್ಲಿ ಟೊಯೊಟಾ ಉತ್ಪಾದನೆ ಶುರುವಾದದ್ದು 1999ರ ಕೊನೆಗೆ. ಬೆಂಗಳೂರಿನದೇ ಎಲೆಕ್ಟ್ರಿಕ್ ಕಾರು ರೇವಾ ಮಾರುಕಟ್ಟೆಗೆ ಬಂದದ್ದು 2001ರಲ್ಲಿ. ಈ ಎರಡನ್ನೂ ನೋಡಲು ವಿಶ್ವೇಶ್ವರಯ್ಯನವರು ಇರಲಿಲ್ಲ. ನೂರು ವರ್ಷ ತುಂಬಿದ ಅವರು 1962ರ ಏಪ್ರಿಲ್‌ನಲ್ಲಿ ತೀರಿಕೊಂಡರು.

ಪ್ರಾಮಾಣಿಕತೆಗೆ ಉದಾಹರಣೆಯೇ ಬೇಕೆಂದರೆ ಮೇಣದಬತ್ತಿಗಿಂತ ಗಟ್ಟಿಯಾದದ್ದು ಒಂದಿದೆ. ಭದ್ರಾವತಿಯ ಕೆಲಸಕ್ಕೆ ತಮಗೆ ಸಲ್ಲಬೇಕಿದ್ದ ಸಂಭಾವನೆಯನ್ನು ಅವರು ಯುವಕರಿಗೆ ಕಸುಬು ಕಲಿಸುವ ಸಂಸ್ಥೆಗೆ ಕೊಡಿಸಿದರು. 1943ರಲ್ಲಿ ಆರಂಭವಾದ ಆ ಸಂಸ್ಥೆಯೇ ಇಂದಿನ ಬೆಂಗಳೂರಿನ ಎಸ್‌ಜೆ ಪಾಲಿಟೆಕ್ನಿಕ್. ಈಗ ಅಲ್ಲಿ ಆಟೊಮೊಬೈಲ್ ಡಿಪ್ಲೊಮಾ ಕೂಡ ಇದೆ.

ಇದರಿಂದ ನಮಗೇನು?

ಹೊಸ ಗಾಡಿ ನೋಡಲು ಶೋರೂಮಿಗೆ ಹೋದಾಗ ನಾವು ಮೈಲೇಜ್, ಬಣ್ಣ, ಸನ್‌ರೂಫ್, ಇಎಂಐ ಕೇಳುತ್ತೇವೆ. ವಿಶ್ವೇಶ್ವರಯ್ಯನವರ ಪ್ರಶ್ನೆಯನ್ನೂ ಕೇಳಿ ನೋಡಿ: ಎಂಜಿನ್, ಗೇರ್‌ಬಾಕ್ಸ್ ಎಲ್ಲಿ ತಯಾರಾಗುತ್ತವೆ? ಎಲೆಕ್ಟ್ರಿಕ್ ಕಾರಾದರೆ, ಬ್ಯಾಟರಿಯ ಸೆಲ್ ಎಲ್ಲಿಂದ ಬರುತ್ತದೆ? ಇದು ದೇಶಾಭಿಮಾನದ ಪ್ರಶ್ನೆ ಮಾತ್ರವಲ್ಲ. ಹೊರದೇಶದಿಂದ ಬರುವ ಭಾಗಕ್ಕೆ ಆಮದು ಸುಂಕ ಸೇರುತ್ತದೆ. ಅದು ಕೆಟ್ಟರೆ ಬದಲಿ ಭಾಗ ಬರುವವರೆಗೆ ಕಾಯಬೇಕಾಗಬಹುದು. ಕಾರು ಕೊಳ್ಳುವ ದಿನ ಕಾಣದ ಈ ಖರ್ಚು ಸರ್ವಿಸ್ ಬಿಲ್‌ನಲ್ಲಿ ಕಾಣುತ್ತದೆ.

ಫಾರ್ವರ್ಡ್ ಮಾಡುವ ಮುನ್ನ

ಎರಡು ಕಾರಿನ ಕಥೆ: ಜನರ ಬಾಯಲ್ಲಿರುವ ಕಥೆ, ದಾಖಲೆಯಂತೆ ಹಂಚಬೇಡಿ.
ಎಚ್‌ಎಎಲ್ ಸ್ಥಾಪಿಸಿದರು: ತಪ್ಪು.
ಭಾರತದಲ್ಲೇ ಕಾರು ತಯಾರಾಗಬೇಕೆಂದು 1930ರ ದಶಕದಲ್ಲಿ ಹೋರಾಡಿದರು: ನಿಜ. ಮುಂದಿನ ಸೆಪ್ಟೆಂಬರ್ 15ಕ್ಕೆ ಇದನ್ನು ಧಾರಾಳವಾಗಿ ಕಳುಹಿಸಿ.