ಹಾಲಿನ ಹಾದಿಯನ್ನು ಹಳ್ಳಿಗರಿಂದಲೇ ಅರಿತವರು

ಗುಜರಾತಿನ ಆನಂದ್‌ನಲ್ಲಿರುವ ಗ್ರಾಮೀಣ ನಿರ್ವಹಣಾ ಸಂಸ್ಥೆಯನ್ನು ಸಹಕಾರ ವಿಶ್ವವಿದ್ಯಾಲಯವನ್ನಾಗಿ ಪರಿವರ್ತಿಸುವ ಮಸೂದೆಗೆ ಸಂಸತ್ತು 2025ರಲ್ಲಿ ಒಪ್ಪಿಗೆ ನೀಡಿತು. ಅದಕ್ಕೆ ಇಟ್ಟ ಹೆಸರು ತ್ರಿಭುವನ್‌ದಾಸ್ ಪಟೇಲರದು. ಅಮುಲ್ ಎಂದೊಡನೆ ವರ್ಗೀಸ್ ಕುರಿಯನ್ ನೆನಪಾಗುವುದು ಸಹಜ. ಆದರೆ ಕುರಿಯನ್ ಆನಂದ್‌ಗೆ ಕಾಲಿಡುವ ಮೂರು ವರ್ಷ ಮೊದಲೇ ಖೇಡಾ ಜಿಲ್ಲೆಯ ರೈತರು ತಮ್ಮ ಹಾಲು ಎಲ್ಲಿಗೆ ಹೋಗುತ್ತದೆ, ಹಣ ಎಲ್ಲಿ ಸೋರುತ್ತದೆ ಎಂಬ ಲೆಕ್ಕ ಹಾಕಿಯಾಗಿತ್ತು. ಆ ಲೆಕ್ಕವನ್ನು ಊರೂರಿಗೆ ಒಯ್ದವರು ತ್ರಿಭುವನ್‌ದಾಸ್.

ಗ್ರಾಮೀಣ ಅಭಿವೃದ್ಧಿಯ ಪರಿಭಾಷೆಯಲ್ಲಿ ಇಂದು ಸಹಭಾಗಿ ಮಾರುಕಟ್ಟೆ ನಕ್ಷೆ ಎಂಬ ವಿಧಾನವೊಂದಿದೆ. ಬ್ರಿಟನ್ನಿನ ಪ್ರಾಕ್ಟಿಕಲ್ ಆ್ಯಕ್ಷನ್‌ನಂತಹ ಸಂಸ್ಥೆಗಳು ಇದನ್ನು ಅನೇಕ ಬಡ ದೇಶಗಳಲ್ಲಿ ಬಳಸಿವೆ. ಒಂದು ಬೆಳೆಯನ್ನೋ ಉತ್ಪನ್ನವನ್ನೋ ಆಯ್ದುಕೊಂಡು ಬೆಳೆಗಾರ, ದಳ್ಳಾಳಿ, ಸಾಗಣೆದಾರ, ಸಂಸ್ಕರಣೆ ಮಾಡುವವನು, ಅಧಿಕಾರಿ ಎಲ್ಲರನ್ನೂ ಒಂದೆಡೆ ಕೂರಿಸಿ ದೊಡ್ಡ ಹಾಳೆಯ ಮೇಲೆ ಚಿತ್ರ ಬರೆಸುತ್ತಾರೆ. ನಡುವೆ ಸರಕು ಕೈಯಿಂದ ಕೈಗೆ ಸಾಗುವ ಸರಪಳಿ, ಮೇಲೆ ಅದನ್ನು ಆಳುವ ಕಾನೂನು ಮತ್ತು ನೀತಿ, ಕೆಳಗೆ ಸಾಲ, ಪಶುವೈದ್ಯ, ಮಾಹಿತಿಯಂತಹ ಸೇವೆಗಳು. ಎಲ್ಲಿ ತೊಡಕಿದೆ ಎಂಬುದನ್ನು ಹೊರಗಿನ ತಜ್ಞನ ಬದಲು ಒಳಗಿನವರೇ ಹೇಳಬೇಕೆಂಬುದು ಇದರ ತಿರುಳು. ತ್ರಿಭುವನ್‌ದಾಸರ ಕಾಲದಲ್ಲಿ ಈ ಹೆಸರೂ ಇರಲಿಲ್ಲ, ಹಾಳೆಯೂ ಇರಲಿಲ್ಲ. ಆದರೂ ಅವರ ಬದುಕನ್ನು ಈ ವಿಧಾನದ ಬೆಳಕಿನಲ್ಲಿ ನೋಡಿದರೆ ಅದರ ಬಲವೂ ಮಿತಿಯೂ ಒಟ್ಟಿಗೇ ಕಾಣುತ್ತವೆ.

ಅವರು ಹುಟ್ಟಿದ್ದು 1903ರಲ್ಲಿ, ಆನಂದ್‌ನಲ್ಲಿಯೇ. ಓದಿದ್ದು ಗಾಂಧೀಜಿ ಕಟ್ಟಿದ ಗುಜರಾತ್ ವಿದ್ಯಾಪೀಠದಲ್ಲಿ. ಉಪ್ಪಿನ ಸತ್ಯಾಗ್ರಹದ ವೇಳೆ 1930ರಲ್ಲಿ ನಾಸಿಕ್ ಜೈಲು ಸೇರಿದರು. 1935 ಮತ್ತು 1942ರಲ್ಲಿ ಮತ್ತೆ ಸೆರೆವಾಸ ಅನುಭವಿಸಿದರು. ಖಾದಿ ಟೋಪಿಯ ಈ ಸೌಮ್ಯ ಸ್ವಭಾವದ ಮನುಷ್ಯನಿಗೆ ಹೈನುಗಾರಿಕೆಯ ತಾಂತ್ರಿಕ ಜ್ಞಾನವೇನೂ ಇರಲಿಲ್ಲ. ಇದ್ದದ್ದು ಹಳ್ಳಿಯ ಜಗಲಿಯಲ್ಲಿ ಕೂತು ಕೇಳಿಸಿಕೊಳ್ಳುವ ತಾಳ್ಮೆ ಮತ್ತು ಸರ್ದಾರ್ ಪಟೇಲರ ವಿಶ್ವಾಸ.

ಅಂದಿನ ಖೇಡಾದ ಹಾಲಿನ ವ್ಯಾಪಾರವನ್ನು ಸ್ವಲ್ಪ ವಿವರವಾಗಿ ನೋಡಬೇಕು. ಪೋಲ್ಸನ್ ಎಂಬ ಖಾಸಗಿ ಕಂಪನಿ ಆನಂದ್‌ನಲ್ಲಿ ಡೇರಿ ನಡೆಸುತ್ತಿತ್ತು. ಅದರ ಬೆಣ್ಣೆ ದೇಶದಾದ್ಯಂತ ಹೆಸರಾಗಿತ್ತು. 1945ರಲ್ಲಿ ಮುಂಬೈ ಸರ್ಕಾರ ನಗರಕ್ಕೆ ಹಾಲು ಪೂರೈಸುವ ಯೋಜನೆ ಆರಂಭಿಸಿದಾಗ ನಾನ್ನೂರು ಕಿಲೋಮೀಟರಿಗೂ ಹೆಚ್ಚು ದೂರದ ಖೇಡಾದಿಂದ ಹಾಲು ತರಿಸುವುದೆಂದಾಯಿತು. ಸಂಗ್ರಹಿಸುವ ಏಕಸ್ವಾಮ್ಯ ಪೋಲ್ಸನ್ ಪಾಲಾಯಿತು. ಕಂಪನಿ ತಾನೇ ಹಳ್ಳಿಗೆ ಹೋಗುತ್ತಿರಲಿಲ್ಲ. ಊರಿನ ಗುತ್ತಿಗೆದಾರ ಮನೆಮನೆಯ ಹಾಲು ಅಳೆದುಕೊಂಡು ಡೇರಿಗೆ ಮುಟ್ಟಿಸುತ್ತಿದ್ದ. ಅಳತೆ ಅವನದು, ದರವೂ ಅವನದು. ಹಾಲು ಕೆಲವೇ ಗಂಟೆಗಳಲ್ಲಿ ಕೆಡುವ ಪದಾರ್ಥ. ನಾಳೆ ಮಾರುತ್ತೇನೆಂದು ರೈತ ಕಟ್ಟಿಡುವಂತಿಲ್ಲ. ಚಳಿಗಾಲದಲ್ಲಿ ಎಮ್ಮೆಗಳು ಹೆಚ್ಚು ಹಾಲು ಕೊಡುತ್ತಿದ್ದವು, ದರ ಆಗಲೇ ಕುಸಿಯುತ್ತಿತ್ತು. ಮುಂಬೈಯ ಗಿರಾಕಿ ತೆರುವ ಹಣಕ್ಕೂ ಎಮ್ಮೆ ಕಟ್ಟಿದವನ ಕೈಸೇರುವ ಹಣಕ್ಕೂ ತಾಳೆಯೇ ಇರಲಿಲ್ಲ.

ಇದನ್ನು ಕಂಡುಹಿಡಿಯಲು ಯಾವ ಸಮೀಕ್ಷೆಯೂ ಬೇಕಾಗಿರಲಿಲ್ಲ ಎಂಬುದು ಗಮನಾರ್ಹ. ಗುತ್ತಿಗೆದಾರ ಎಷ್ಟು ಹೊಡೆದುಕೊಳ್ಳುತ್ತಾನೆ ಎಂಬ ಅಂದಾಜು ಪ್ರತಿ ಮನೆಯಲ್ಲೂ ಇತ್ತು. ಇಲ್ಲದಿದ್ದುದು ಆ ಬಿಡಿ ಬಿಡಿ ಅರಿವನ್ನು ಒಂದು ಮಾತಾಗಿಸುವ ಜಾಗ. ರೈತರು ದೂರು ಹೊತ್ತು ಸರ್ದಾರ್ ಪಟೇಲರ ಬಳಿ ಹೋದರು. ಸಹಕಾರ ಸಂಘ ಕಟ್ಟಿಕೊಳ್ಳಿ, ಸಂಸ್ಕರಣೆಯೂ ನಿಮ್ಮದೇ ಇರಲಿ ಎಂಬುದು ಅವರ ಸಲಹೆ. ಸರ್ಕಾರ ಒಪ್ಪದಿದ್ದರೆ ಹಾಲು ನಿಲ್ಲಿಸಬೇಕಾದೀತು, ನಷ್ಟ ತಡೆದುಕೊಳ್ಳುವಿರಾ ಎಂಬ ಎಚ್ಚರಿಕೆಯನ್ನೂ ಸೇರಿಸಿ ಮೊರಾರ್ಜಿ ದೇಸಾಯಿ ಅವರನ್ನು ಖೇಡಾಕ್ಕೆ ಕಳುಹಿಸಿದರು.

1946ರ ಜನವರಿ 4ರಂದು ಸಮರ್ಖಾ ಗ್ರಾಮದಲ್ಲಿ ಸಭೆ ಸೇರಿತು. ಪ್ರತಿ ಊರಿನಲ್ಲೊಂದು ಹಾಲು ಉತ್ಪಾದಕರ ಸಂಘ, ಅವೆಲ್ಲ ಸೇರಿ ಆನಂದ್‌ನಲ್ಲೊಂದು ಒಕ್ಕೂಟ, ಸರ್ಕಾರ ಹಾಲು ಕೊಳ್ಳುವುದಾದರೆ ಆ ಒಕ್ಕೂಟದಿಂದಲೇ ಕೊಳ್ಳಬೇಕು ಎಂದು ತೀರ್ಮಾನವಾಯಿತು. ಸರ್ಕಾರ ಬಗ್ಗಲಿಲ್ಲ. ರೈತರು ಹದಿನೈದು ದಿನ ಗುತ್ತಿಗೆದಾರರಿಗೆ ತೊಟ್ಟು ಹಾಲನ್ನೂ ಕೊಡಲಿಲ್ಲ. ಒಂದೆರಡು ಎಮ್ಮೆಯ ಸಂಸಾರಕ್ಕೆ ಹದಿನೈದು ದಿನದ ಹಾಲು ಬಿಡುವುದೆಂದರೆ ಏನೆಂಬುದು ಹಳ್ಳಿಯ ನಂಟಿರುವವರಿಗೆ ತಿಳಿಯುತ್ತದೆ. ಕೊನೆಗೆ ಮುಂಬೈಯಿಂದ ಹಾಲು ಇಲಾಖೆಯ ಹಿರಿಯ ಅಧಿಕಾರಿಗಳೇ ಆನಂದ್‌ಗೆ ಬಂದು ಬೇಡಿಕೆ ಒಪ್ಪಿದರು. ಅದೇ ವರ್ಷ ಡಿಸೆಂಬರ್ 14ರಂದು ಕೈರಾ ಜಿಲ್ಲಾ ಸಹಕಾರ ಹಾಲು ಉತ್ಪಾದಕರ ಒಕ್ಕೂಟ ನೋಂದಣಿಯಾಯಿತು. ಅಧ್ಯಕ್ಷರು ತ್ರಿಭುವನ್‌ದಾಸ್.

ಗೆಲುವಿನ ನಂತರದ ಕೆಲಸ ಚಳವಳಿಗಿಂತ ಕಠಿಣ. ಅವರು ಊರಿಂದೂರಿಗೆ ನಡೆದರು. ಸಂಘವೆಂದರೆ ಮತ್ತೊಬ್ಬ ಗುತ್ತಿಗೆದಾರನಲ್ಲ ಎಂದು ನಂಬಿಸಬೇಕಿತ್ತು. 1948ರ ಜೂನ್‌ನಲ್ಲಿ ಒಕ್ಕೂಟ ಕೆಲಸ ಆರಂಭಿಸಿದಾಗ ಬಂದದ್ದು ಎರಡೇ ಸಂಘಗಳ ಹಾಲು, ದಿನಕ್ಕೆ ಸುಮಾರು 250 ಲೀಟರ್. ಆದರೆ ವ್ಯವಸ್ಥೆಯ ಮೂಲ ಆಗಲೇ ಗಟ್ಟಿಯಾಗಿತ್ತು. ಬೆಳಿಗ್ಗೆ ಸಂಜೆ ಎಲ್ಲರೆದುರು ಅಳತೆ, ಜಿಡ್ಡಿನಾಂಶದ ಪರೀಕ್ಷೆ, ಅದಕ್ಕೆ ತಕ್ಕ ಹಣ. ಯಾವ ಜಾತಿಯವರಾದರೂ ಬಂದ ಸರದಿಯಲ್ಲೇ ನಿಂತು ಹಾಲು ಹಾಕಬೇಕು. ಎಲ್ಲರ ಹಾಲೂ ಅದೇ ಕ್ಯಾನಿಗೆ. ದಶಕಗಳ ಕಾಲ ಹರಿಜನ ಸೇವೆಯಲ್ಲಿ ತೊಡಗಿದ್ದ ತ್ರಿಭುವನ್‌ದಾಸರಿಗೆ ಆ ಸರದಿ ಹಾಲಿನಷ್ಟೇ ಮುಖ್ಯವಾಗಿದ್ದೀತು.

ಊರಿನವರಿಂದ ಬಗೆಹರಿಯದ ತೊಡಕುಗಳೂ ಇದ್ದವು. ಹಳೆಯ ಯಂತ್ರಗಳು ಪದೇ ಪದೇ ಕೈಕೊಡುತ್ತಿದ್ದವು. 1949ರ ಮೇ ತಿಂಗಳಲ್ಲಿ ಆನಂದ್‌ನ ಸರ್ಕಾರಿ ಕ್ರೀಮರಿಗೆ ಒಲ್ಲದ ಮನಸ್ಸಿನಿಂದ ಬಂದಿದ್ದ ಯುವ ಎಂಜಿನಿಯರ್ ಕುರಿಯನ್ ಅವುಗಳನ್ನು ರಿಪೇರಿ ಮಾಡಿಕೊಡುತ್ತಿದ್ದರು. ಅವರು ರಾಜೀನಾಮೆ ಕೊಟ್ಟು ಹೊರಟಾಗ ಉಳಿಸಿಕೊಂಡವರು ತ್ರಿಭುವನ್‌ದಾಸ್. ತಂತ್ರಜ್ಞಾನದ ಹೊಣೆಯನ್ನು ಕುರಿಯನ್‌ಗೆ ಪೂರ್ತಿಯಾಗಿ ಬಿಟ್ಟುಕೊಟ್ಟು, ರಾಜಕಾರಣದ ಕಾಟ ಅವರ ಮೇಜಿಗೆ ತಲುಪದಂತೆ ನೋಡಿಕೊಂಡರು. ತಾವೇ ಕಾಂಗ್ರೆಸ್ ನಾಯಕರಾಗಿದ್ದೂ ಹೀಗೆ ನಡೆದುಕೊಂಡದ್ದು ನಮ್ಮ ಇಂದಿನ ಸಹಕಾರಿ ಧುರೀಣರಿಗೆ ವಿಚಿತ್ರವಾಗಿ ಕಂಡೀತು. ಚಳಿಗಾಲದ ಹೆಚ್ಚುವರಿ ಹಾಲನ್ನು ಮುಂಬೈ ಕೊಳ್ಳದಿದ್ದಾಗ ಅದನ್ನು ಪುಡಿ ಮಾಡುವ ಕಾರ್ಖಾನೆ ಬಂತು. 1955ರ ಅಕ್ಟೋಬರ್ 31ರಂದು ನೆಹರೂ ಅದನ್ನು ಉದ್ಘಾಟಿಸಿದರು. ಎಮ್ಮೆಯ ಹಾಲಿನಿಂದ ಪುಡಿ ತೆಗೆಯಲಾಗದೆಂಬ ಪಾಶ್ಚಾತ್ಯ ತಜ್ಞರ ಮಾತನ್ನು ಎಚ್.ಎಂ. ದಲಾಯ ಸುಳ್ಳು ಮಾಡಿದ್ದರು.

ಈಗ ಆ ವಿಧಾನದ ವಿಚಾರಕ್ಕೆ ಮರಳೋಣ. ಎಲ್ಲರೂ ಒಂದೇ ಚಾಪೆಯ ಮೇಲೆ ಕೂತು ನಕ್ಷೆ ಬರೆದರೆ ಪರಸ್ಪರ ನಂಬಿಕೆ ಹುಟ್ಟುತ್ತದೆ ಎಂಬ ಆಶಯ ಒಳ್ಳೆಯದೇ. ಆದರೆ ಇಂಥ ಸಭೆ ನೋಡಿದವರಿಗೆ ಗೊತ್ತು: ಮಂಡಿ ಮಾಲೀಕ ಮುಂದಿನ ಸಾಲಿನಲ್ಲಿರುತ್ತಾನೆ, ಅವನಿಂದ ಮುಂಗಡ ಪಡೆದ ರೈತ ಹಿಂದೆ ಕೂತು ತಲೆಯಾಡಿಸುತ್ತಾನೆ. ಸಾಲಗಾರನ ಮುಂದೆ ಸಾಲ ಕೊಟ್ಟವನ ತೂಕದ ಮೋಸ ಹಾಳೆಯ ಮೇಲೆ ಮೂಡುವುದಾದರೂ ಹೇಗೆ? ಖೇಡಾದಲ್ಲಿ ಕ್ರಮ ಬೇರೆಯಾಗಿತ್ತು. ದುರ್ಬಲರು ಮೊದಲು ತಮ್ಮೊಳಗೆ ಕೂತರು, ಹಾಲು ತಡೆಹಿಡಿಯುವ ಶಕ್ತಿ ತಮಗಿದೆಯೆಂದು ತೋರಿಸಿದರು. ಅಧಿಕಾರಿಗಳ ಜೊತೆ ಮಾತುಕತೆ ನಡೆದದ್ದು ಆಮೇಲೆ. ಗುತ್ತಿಗೆದಾರನ ಜೊತೆ ಅವರು ರಾಜಿ ಮಾಡಿಕೊಳ್ಳಲಿಲ್ಲ, ಅವನ ಜಾಗದಲ್ಲಿ ಸಂಘವನ್ನು ಕೂರಿಸಿದರು. ಈ ಮೊದಲ ಮೆಟ್ಟಿಲನ್ನು ಬಿಟ್ಟು ಬರೆದ ನಕ್ಷೆಗಳು ವರದಿಯ ಪುಟಗಳಾಗಿಯೇ ಉಳಿಯುತ್ತವೆ ಎಂಬುದು ನನ್ನ ಅನಿಸಿಕೆ.

ಹಾಗೆಂದು ಸಂವಾದ ನಿರರ್ಥಕವಲ್ಲ. 1963ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿಯನ್ನು ಹಂಚಿಕೊಂಡ ಮೂವರನ್ನು ನೋಡಿ: ಉತ್ಪಾದಕರ ಪರವಾಗಿ ತ್ರಿಭುವನ್‌ದಾಸ್, ಸಂಸ್ಕರಣೆಯ ಹೊಣೆ ಹೊತ್ತ ಕುರಿಯನ್, ಮುಂಬೈಯಲ್ಲಿ ಹಾಲು ಕೊಳ್ಳುವ ಸರ್ಕಾರದ ಆಯುಕ್ತರಾಗಿದ್ದ ದಾರಾ ಖುರೋಡಿ. ದರಕ್ಕಾಗಿ ವರ್ಷಗಟ್ಟಲೆ ಜಗ್ಗಾಡಿದ ಎರಡು ಬದಿಗಳೂ ಆ ವೇದಿಕೆಯಲ್ಲಿದ್ದವು.

ಕರ್ನಾಟಕಕ್ಕೆ ಈ ಮಾದರಿ ಬಂದದ್ದು 1970ರ ದಶಕದ ಮಧ್ಯಭಾಗದಲ್ಲಿ, ವಿಶ್ವಬ್ಯಾಂಕಿನ ನೆರವಿನ ಯೋಜನೆಯಾಗಿ. 1984ರಲ್ಲಿ ಅದು ಕರ್ನಾಟಕ ಹಾಲು ಮಹಾಮಂಡಳದ ರೂಪ ತಾಳಿತು. ಕೋಲಾರದ ರೈತ ಟೊಮೆಟೊ ದರ ಬಿದ್ದಾಗ ಫಸಲನ್ನು ರಸ್ತೆಗೆ ಸುರಿದು, ಸಂಜೆ ಅದೇ ರಸ್ತೆಯಲ್ಲಿ ಡೇರಿಗೆ ಹಾಲು ಹಾಕಿ ಬರುತ್ತಾನೆ. ಎರಡೂ ಕೆಡುವ ಪದಾರ್ಥಗಳೇ. ಒಂದರ ಹಾದಿಯಲ್ಲಿ ಅವನದೇ ಸಂಘವಿದೆ, ಇನ್ನೊಂದರಲ್ಲಿ ಇಲ್ಲ.

ಖೇಡಾದ ಲೆಕ್ಕದಲ್ಲಿ ಬಿಟ್ಟುಹೋದವರೂ ಇದ್ದರು. ಮೇವು ಹಾಕಿ, ಸಗಣಿ ಬಾಚಿ, ಹಾಲು ಕರೆಯುತ್ತಿದ್ದವರು ಬಹುಪಾಲು ಹೆಂಗಸರು. ಸದಸ್ಯತ್ವದ ಪುಸ್ತಕದಲ್ಲಿದ್ದದ್ದು ಹೆಚ್ಚಾಗಿ ಗಂಡಸರ ಹೆಸರು. ತ್ರಿಭುವನ್‌ದಾಸರಿಗೆ ಇದು ತಡವಾಗಿಯಾದರೂ ಕಾಡಿರಬೇಕು. 1970ರ ದಶಕದ ಆರಂಭದಲ್ಲಿ ಅವರು ಒಕ್ಕೂಟದಿಂದ ನಿವೃತ್ತರಾದಾಗ ಹಳ್ಳಿಯ ಸಂಘಗಳ ಸದಸ್ಯರು ತಲಾ ಒಂದು ರೂಪಾಯಿ ಸೇರಿಸಿ ಸುಮಾರು ಆರು ಲಕ್ಷ ರೂಪಾಯಿಯ ನಿಧಿ ಅರ್ಪಿಸಿದರು. ಅದನ್ನು ಅವರು ಸ್ವಂತಕ್ಕೆ ಇಟ್ಟುಕೊಳ್ಳಲಿಲ್ಲ. 1975ರಲ್ಲಿ ಆ ಹಣದಿಂದ ತ್ರಿಭುವನ್‌ದಾಸ್ ಪ್ರತಿಷ್ಠಾನ ಆರಂಭವಾಯಿತು. ಹಾಲಿನ ಸಂಘವಿದ್ದ ಊರುಗಳಲ್ಲಿಯೇ ಆರೋಗ್ಯ ಕಾರ್ಯಕರ್ತೆಯರನ್ನು ತರಬೇತುಗೊಳಿಸಿ, ಬಾಣಂತಿಯರ ಮತ್ತು ಹಸುಗೂಸುಗಳ ಆರೈಕೆಗೆ ಅದು ಮುಂದಾಯಿತು. 1994ರ ಜೂನ್‌ನಲ್ಲಿ ಅವರು ತೀರಿಕೊಳ್ಳುವ ಹೊತ್ತಿಗೆ ಖೇಡಾದ ನೂರಾರು ಹಳ್ಳಿಗಳಲ್ಲಿ ಆ ಕೆಲಸ ನಡೆದಿತ್ತು.