ಇಂಟರ್ನೆಟ್‌ಗೆ ನಂಬರ್ ಹಂಚಿದ ಪೋಸ್ಟೆಲ್

ಕಳೆದ ಸೆಮಿಸ್ಟರ್‌ನ ನೆಟ್‌ವರ್ಕ್ ಲ್ಯಾಬ್‌ನಲ್ಲಿ ನನ್ನ ಪ್ರೋಗ್ರಾಂ ಕೈಕೊಟ್ಟಿತ್ತು. ಸರ್ವರ್ 5000ನೇ ಪೋರ್ಟ್‌ನಲ್ಲಿ ಕಾಯುತ್ತಿತ್ತು, ಕ್ಲೈಂಟ್ 5001ರ ಬಾಗಿಲು ಬಡಿಯುತ್ತಿತ್ತು. ಅರ್ಧ ಗಂಟೆ ತಲೆ ಕೆಡಿಸಿಕೊಂಡ ಮೇಲೆ ಗೊತ್ತಾಯಿತು, ತಪ್ಪಿದ್ದು ಒಂದೇ ಅಂಕಿ! ಕ್ಲೈಂಟ್ ಎಂದರೆ ಕೇಳುವ ಪ್ರೋಗ್ರಾಂ, ಸರ್ವರ್ ಎಂದರೆ ಕೇಳಿದ್ದನ್ನು ಕೊಡಲು ಕಾದು ಕುಳಿತದ್ದು. ಯಾವ ಬಾಗಿಲಲ್ಲಿ ಕೇಳಬೇಕು ಎಂಬುದು ಮೊದಲೇ ಗೊತ್ತಿರಬೇಕು. ಹಾಗಾದರೆ ಇಡೀ ಜಗತ್ತಿಗೆ ಈ ನಂಬರ್‌ಗಳನ್ನು ಹಂಚಿದವರು ಯಾರು? ಹುಡುಕಿದಾಗ ಸಿಕ್ಕ ಹೆಸರು ಜಾನ್ ಪೋಸ್ಟೆಲ್.

ಪೋಸ್ಟೆಲ್ ಹುಟ್ಟಿದ್ದು 1943ರ ಆಗಸ್ಟ್ 6ರಂದು, ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ. ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಎಂಜಿನಿಯರಿಂಗ್ ಓದಿದರು. 1969ರಲ್ಲಿ ಇಂಟರ್ನೆಟ್‌ನ ಪೂರ್ವಜನಾದ ಆರ್ಪಾನೆಟ್‌ನ ಮೊದಲ ಕೊಂಡಿ ಅಲ್ಲೇ ಶುರುವಾದಾಗ ಅವರಿನ್ನೂ ವಿದ್ಯಾರ್ಥಿ. ಪಿಎಚ್.ಡಿ. ಸಿಕ್ಕಿದ್ದು 1974ರಲ್ಲಿ.

ನೆಟ್‌ವರ್ಕ್ ಬೆಳೆದಂತೆ ಯಾವ ಸೇವೆಗೆ ಯಾವ ನಂಬರ್ ಎಂಬ ಲೆಕ್ಕ ಇಡುವವರು ಬೇಕಾದರು. ಕೀರ್ತಿಯಾಗಲೀ ದುಡ್ಡಾಗಲೀ ಇಲ್ಲದ ಗುಮಾಸ್ತಿಕೆ ಅದು. 1972ರಲ್ಲಿ ಪೋಸ್ಟೆಲ್ ಆ ಕೆಲಸಕ್ಕೆ ತಮ್ಮ ಹೆಸರನ್ನೇ ಮುಂದಿಟ್ಟರು. ಇಮೇಲ್ ಸರ್ವರ್‌ಗೆ 25, ಹೆಸರು ಹುಡುಕಿಕೊಡುವ ಡಿಎನ್‌ಎಸ್‌ಗೆ 53, ವೆಬ್‌ಗೆ 80: ಇಂಟರ್‌ವ್ಯೂಗೆಂದು ನಾವು ಬಾಯಿಪಾಠ ಮಾಡುವ ಈ ಅಂಕಿಗಳೆಲ್ಲ ಅವರ ಪಟ್ಟಿಯಲ್ಲಿ ದಾಖಲಾದವು. ಇಂಟರ್ನೆಟ್‌ನ ನಿಯಮಗಳನ್ನು ತಿಳಿಸುವ ಆರ್‌ಎಫ್‌ಸಿ ದಾಖಲೆಗಳನ್ನು ಕೊನೆಯವರೆಗೂ ಸಂಪಾದಿಸಿದವರೂ ಅವರೇ. 1982ರಲ್ಲಿ ಇಮೇಲ್ ಕಳಿಸುವ ಎಸ್‌ಎಂಟಿಪಿ ನಿಯಮವನ್ನು ಸ್ವತಃ ಬರೆದರು. ಕಳಿಸುವಾಗ ಕಟ್ಟುನಿಟ್ಟಾಗಿರಬೇಕು, ಪಡೆಯುವಾಗ ಉದಾರವಾಗಿರಬೇಕು ಎಂಬುದು ಅವರು ಪ್ರೋಗ್ರಾಮರ್‌ಗಳಿಗೆ ಹಾಕಿಕೊಟ್ಟ ದಾರಿ.

ಉದ್ದ ಗಡ್ಡ, ಕಾಲಿಗೆ ಚಪ್ಪಲಿ. ಹೀಗಿದ್ದ ಮನುಷ್ಯನ ಮಾತಿಗೆ ಎಷ್ಟು ತೂಕವಿತ್ತು ಎಂಬುದು ತಿಳಿದದ್ದು 1998ರ ಜನವರಿಯಲ್ಲಿ. ಇಂಟರ್ನೆಟ್ ಹೆಸರುಗಳ ಮೂಲಪಟ್ಟಿಯನ್ನು ಇನ್ನು ಮುಂದೆ ತಮ್ಮ ಕಂಪ್ಯೂಟರ್‌ನಿಂದಲೇ ಪಡೆಯುವಂತೆ ರೂಟ್ ಸರ್ವರ್ ನಿರ್ವಾಹಕರಿಗೆ ಅವರೊಂದು ಇಮೇಲ್ ಕಳಿಸಿದರು. ಎಂಟು ಸರ್ವರ್‌ಗಳು ಹಾಗೆಯೇ ಬದಲಾದವು! ಅಮೆರಿಕ ಸರ್ಕಾರ ಬೆಚ್ಚಿಬಿತ್ತು. ಇದೊಂದು ಪರೀಕ್ಷೆ ಎಂದ ಪೋಸ್ಟೆಲ್, ಎಲ್ಲವನ್ನೂ ಮೊದಲಿನಂತೆ ಮಾಡಿಸಿದರು. ಒಬ್ಬರ ಮೇಲೆ ಇಷ್ಟು ಭಾರ ಸರಿಯೇ ಎಂಬ ಪ್ರಶ್ನೆ ಆಗಲೇ ಎದ್ದಿತ್ತು. ಅದೇ ವರ್ಷ ಈ ಜವಾಬ್ದಾರಿಗಾಗಿ ಐಕ್ಯಾನ್ ಸಂಸ್ಥೆ ಹುಟ್ಟಿತು. ಕೆಲವೇ ವಾರಗಳಲ್ಲಿ, ಅಕ್ಟೋಬರ್ 16ರಂದು, ಹೃದಯ ಶಸ್ತ್ರಚಿಕಿತ್ಸೆಯ ನಂತರದ ತೊಂದರೆಯಿಂದ ಪೋಸ್ಟೆಲ್ ತೀರಿಕೊಂಡರು. ಆಗ ಅವರಿಗೆ 55 ವರ್ಷ.

ಕ್ಯಾಂಪಸ್ ಸೆಲೆಕ್ಷನ್ ಹತ್ತಿರವಾಗುತ್ತಿದೆ. ನಮಗೆಲ್ಲ ಹೊಸ ಆ್ಯಪ್ ಕಟ್ಟುವ ಕನಸು. ಯಾರಿಗೂ ಬೇಡವಾದ ಲೆಕ್ಕದ ಕೆಲಸವನ್ನು ಸುಮಾರು ಮೂರು ದಶಕ ತಪ್ಪಿಲ್ಲದೆ ಮಾಡಿಯೂ ಜಗತ್ತಿನ ನಂಬಿಕೆ ಗಳಿಸಬಹುದು ಎಂಬುದನ್ನು ಪೋಸ್ಟೆಲ್ ತೋರಿಸಿದರು. ಈಗ ಲ್ಯಾಬ್‌ನಲ್ಲಿ ಪೋರ್ಟ್ ನಂಬರ್ ಟೈಪ್ ಮಾಡುವಾಗ ನಾನು ಎರಡು ಸಲ ನೋಡುತ್ತೇನೆ.