ಬೀದಿಯಲ್ಲಿ ರೋಗವನ್ನು ಗುರುತಿಸಿದ ವೈದ್ಯ

ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳ ಕಬ್ಬಿನ ಸೀಮೆಯಲ್ಲಿ ಹಿರಿಯರ ಕೈ ನಡುಗಿದರೆ, ಹೆಜ್ಜೆ ಕಿರಿದಾದರೆ ಅದನ್ನು ಮುಪ್ಪಿನ ಲೆಕ್ಕಕ್ಕೆ ಸೇರಿಸಿಬಿಡುವುದು ಸುಲಭ. ಇಂತಹ ನಡುಕ ಮುಪ್ಪಲ್ಲ, ಪ್ರತ್ಯೇಕ ಕಾಯಿಲೆಯೇ ಇರಬಹುದು ಎಂದು ಇನ್ನೂರು ವರ್ಷಗಳ ಹಿಂದೆಯೇ ತೋರಿಸಿಕೊಟ್ಟವರು ಜೇಮ್ಸ್ ಪಾರ್ಕಿನ್‌ಸನ್.

1755ರ ಏಪ್ರಿಲ್ 11ರಂದು ಲಂಡನ್ನಿನ ಹಾಕ್ಸ್‌ಟನ್‌ನಲ್ಲಿ ಜನಿಸಿದ ಅವರು ತಂದೆಯಂತೆ ಅಲ್ಲಿಯೇ ವೈದ್ಯವೃತ್ತಿ ನಡೆಸಿದರು. ಬಡವರ ಹಕ್ಕುಗಳಿಗಾಗಿ, ಸಂಸತ್ತಿನ ಸುಧಾರಣೆಗಾಗಿ ‘ಓಲ್ಡ್ ಹ್ಯೂಬರ್ಟ್’ ಎಂಬ ಗುಪ್ತನಾಮದಲ್ಲಿ ಕರಪತ್ರಗಳನ್ನು ಬರೆದರು. ಮೂರನೆಯ ಜಾರ್ಜ್ ದೊರೆಯ ಹತ್ಯೆಗೆ ಸಂಚು ನಡೆದಿದೆಯೆಂಬ ಪ್ರಕರಣದಲ್ಲಿ 1794ರಲ್ಲಿ ಪ್ರಿವಿ ಕೌನ್ಸಿಲ್‌ನ ಪ್ರಶ್ನೆಗಳಿಗೆ ಉತ್ತರಿಸಬೇಕಾಯಿತು. ಪಳೆಯುಳಿಕೆಗಳ ಕುರಿತು ಮೂರು ಸಂಪುಟಗಳ ಗ್ರಂಥ ರಚಿಸಿದ ಅವರು, 1807ರಲ್ಲಿ ಆರಂಭವಾದ ಜಿಯಲಾಜಿಕಲ್ ಸೊಸೈಟಿಯ ಸ್ಥಾಪಕರಲ್ಲೊಬ್ಬರು.

ಅವರ ಹೆಸರನ್ನು ಉಳಿಸಿದ್ದು ಮಾತ್ರ 1817ರಲ್ಲಿ ಪ್ರಕಟವಾದ, ನಡುಕದ ಕಾಯಿಲೆಯ ಕುರಿತ ಕಿರುಹೊತ್ತಗೆ. ಅದರಲ್ಲಿರುವುದು ಆರೇ ಮಂದಿಯ ವಿವರ. ಅವರಲ್ಲಿ ಇಬ್ಬರು ಬೀದಿಯಲ್ಲಿ ಆಕಸ್ಮಿಕವಾಗಿ ಎದುರಾದವರು. ಇನ್ನೊಬ್ಬರನ್ನು ದೂರದಿಂದ ಕಂಡದ್ದಷ್ಟೆ. ವಿಶ್ರಾಂತಿಯಲ್ಲಿರುವ ಕೈಯ ನಡುಕ, ಮುಂದಕ್ಕೆ ಬಾಗಿದ ದೇಹ, ಓಡುವಂತಹ ನಡಿಗೆ ಎಲ್ಲವನ್ನೂ ಅವರು ದಾಖಲಿಸಿದರು. ಕಾರಣ ತಮಗೆ ಖಚಿತವಿಲ್ಲವೆಂದು ಒಪ್ಪಿಕೊಂಡರು. 1824ರ ಡಿಸೆಂಬರ್ 21ರಂದು ನಿಧನರಾದರು. ಕಾಯಿಲೆಗೆ ಅವರ ಹೆಸರು ಅಂಟಿದ್ದು ಫ್ರಾನ್ಸಿನ ವೈದ್ಯ ಶಾರ್ಕೋ ಅವರಿಂದ, ದಶಕಗಳ ನಂತರ.

ಪಾರ್ಕಿನ್‌ಸನ್ ಅರಸಿದ ಕಾರಣದ ಒಂದು ಎಳೆ ಈಗ ಸಿಕ್ಕಿದೆ. ಮಿದುಳಿನ ಆಳದಲ್ಲಿ ಡೋಪಮೈನ್ ತಯಾರಿಸುವ ಕೋಶಗಳು ಈ ಕಾಯಿಲೆಯಲ್ಲಿ ನಶಿಸುತ್ತವೆ. ಡೋಪಮೈನ್ ವಿಭಜನೆಗೊಳ್ಳುವಾಗ ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟುತ್ತದೆ. ಅಲ್ಲಿನ ಕಬ್ಬಿಣದ ಅಂಶ ಅದನ್ನು ಮತ್ತಷ್ಟು ಉಗ್ರವಾದ ಕಣಗಳಾಗಿಸುತ್ತದೆ. ಇದೇ ಉತ್ಕರ್ಷಣ ಒತ್ತಡ. ಸೂಪರ್‌ಆಕ್ಸೈಡ್ ಡಿಸ್ಮ್ಯೂಟೇಸ್, ಕ್ಯಾಟಲೇಸ್, ಗ್ಲುಟಾಥಿಯೋನ್ ಪೆರಾಕ್ಸಿಡೇಸ್ ಎಂಬ ಕಿಣ್ವಗಳು ಇದರ ವಿರುದ್ಧದ ಕಾವಲುಗಾರರು. ರೋಗಿಗಳ ಮಿದುಳಿನ ಆ ಭಾಗದಲ್ಲಿ ಗ್ಲುಟಾಥಿಯೋನ್ ಕಡಿಮೆಯಾಗಿರುವುದು ಕಂಡುಬಂದಿದೆ. ಹಾಗೆಂದು ಉತ್ಕರ್ಷಣ ನಿರೋಧಕ ಮಾತ್ರೆಗಳೇ ಮದ್ದಲ್ಲ. 800 ರೋಗಿಗಳ ಮೇಲೆ ನಡೆದು 1993ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗದಲ್ಲಿ ಇ ಜೀವಸತ್ವವು ಕಾಯಿಲೆಯ ಮುನ್ನಡೆಯನ್ನು ತಡೆಯಲಿಲ್ಲ.

ನಮ್ಮ ಹೊಲಗಳಿಗೆ ಸಂಬಂಧಿಸಿದ ಸಂಗತಿಯೂ ಇದೆ. ಪ್ಯಾರಾಕ್ವಾಟ್ ಎಂಬ ಕಳೆನಾಶಕ ಜೀವಕೋಶದೊಳಗೆ ಇದೇ ಒತ್ತಡವನ್ನು ಹುಟ್ಟಿಸುತ್ತದೆ. ಅದರ ಸಂಪರ್ಕಕ್ಕೂ ಪಾರ್ಕಿನ್‌ಸನ್ ಕಾಯಿಲೆಗೂ ನಂಟಿರುವುದನ್ನು ಹಲವು ಅಧ್ಯಯನಗಳು ಗುರುತಿಸಿವೆ. ಆದ್ದರಿಂದ ಸಿಂಪಡಿಸುವವರ ಕೈಗವಸು, ಮುಖಗವಸು ಆಡಂಬರವಲ್ಲ. ಹಾಗೆಯೇ ಅಜ್ಜನ ನಡುಗುವ ಕೈಯನ್ನು ವೈದ್ಯರಿಗೆ ತೋರಿಸುವುದೂ ಅತಿರೇಕವಲ್ಲ. ಲಕ್ಷಣಗಳನ್ನು ಹತೋಟಿಗೆ ತರುವ ಲೆವೊಡೋಪಾದಂತಹ ಔಷಧಿಗಳಿವೆ. ಅಪರಿಚಿತನ ನಡಿಗೆಯನ್ನೂ ಗಮನಿಸಿದ ಪಾರ್ಕಿನ್‌ಸನ್ನರ ಕಣ್ಣು, ಕನಿಷ್ಠ ನಮ್ಮ ಮನೆಯ ಹಿರಿಯರ ಮಟ್ಟಿಗಾದರೂ ನಮಗಿರಬೇಕು.